ಗೊಬ್ಬರ ಗುಂಡಿಯ ಬಿಳಿ ಬೂದಿ ಮತ್ತು ಹಳೆಯ ಮೊಟ್ಟೆ ಪೆಟ್ಟಿಗೆ

ಮೇ ಕೊನೆಯ ವಾರ ಕೊಟ್ಟಿಗೆಯ ಹಿಂದಿನ ಗೊಬ್ಬರ ಗುಂಡಿ ಬಗೆಯುವಾಗ ಒಂದು ಅಡಿ ಕೆಳಗೆ ಹಬೆ ಏಳುತ್ತಿತ್ತು. ಅರೆಕೊಳೆತ ದರಕಿನ, ಅಂದರೆ ತರಗೆಲೆಯ, ಮೇಲೆ ಯಾರೋ ಒಲೆಯ ಬೂದಿ ಚೆಲ್ಲಿದಂತೆ ಬಿಳಿ ಪುಡಿ. ಕೆಲಸಕ್ಕೆ ಬಂದವರು "ಬೂಷ್ಟು ಹಿಡಿದಿದೆ, ಬಿಸಿಲಿಗೆ ಹರಡಿ" ಎಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಗುಂಡಿಯ ಅಂಚಿನಿಂದ, ಬಿಸಿ ಕಡಿಮೆ ಇದ್ದ ಕಡೆಯಿಂದ, ಒಂದು ಹಿಡಿ ಎತ್ತಿದೆ. ಬಟ್ಟೆಯನ್ನೂ ದಾಟಿ ಬಂತು ವಾಸನೆ: ಮೊದಲ ಮಳೆ ಬಿದ್ದಾಗ ಅಂಗಳದಿಂದ ಏಳುತ್ತದಲ್ಲ, ಅದೇ.

ಅದು ಬೂಷ್ಟಲ್ಲ. ಬೂಷ್ಟಿನ ಹಾಗೆ ನೂಲು ನೂಲಾಗಿ ಕವಲೊಡೆದು ಬೆಳೆಯುವ ಬ್ಯಾಕ್ಟೀರಿಯಾಗಳ ಒಂದು ದೊಡ್ಡ ಬಳಗ, ಆಕ್ಟಿನೋಮೈಸೀಟ್‌ಗಳು. ಮಣ್ಣಿನಲ್ಲಿ ಅವುಗಳ ಪೈಕಿ ಹೆಚ್ಚಾಗಿ ಸಿಗುವುದು ಸ್ಟ್ರೆಪ್ಟೊಮೈಸಿಸ್. ಮಳೆಯ ವಾಸನೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಅವು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು. ನೀರಿನಲ್ಲಿ ಲಕ್ಷ ಕೋಟಿಗೆ ಐದು ಹತ್ತು ಭಾಗ ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ರೋಗಾಣು ಕೊಲ್ಲುವ ಮದ್ದುಗಳಾದ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಬೂಷ್ಟು ಕೊಲ್ಲುವ ನಿಸ್ಟಾಟಿನ್ ಎಲ್ಲವೂ ಈ ಕುಲದವರ ಅಡುಗೆಮನೆಯಿಂದ ಬಂದವು. ಈ ಮಳೆಗಾಲದಲ್ಲಿ ಆ ಅಡುಗೆಮನೆಯನ್ನು ಸ್ವಲ್ಪ ಇಣುಕಿ ನೋಡೋಣ ಎಂದುಕೊಂಡೆ. ನಾನು ಬಿ.ಎಸ್‌ಸಿ. ಓದಿ ಮೂವತ್ತು ವರ್ಷವಾಯಿತು. ಈಗ ಅಡಿಕೆ ತೋಟ ನನ್ನ ಕಸುಬು, ಕೆಟ್ಟದ್ದನ್ನು ಬಿಚ್ಚಿ ನೋಡುವುದು ಚಟ.

ಮೊದಲು ಅವನ್ನು ಬೆಚ್ಚಗಿಟ್ಟು ಬೆಳೆಸಲು ಪೆಟ್ಟಿಗೆ. ಅಟ್ಟದ ಮೇಲೆ ನಾಟಿ ಕೋಳಿಯ ಮೊಟ್ಟೆ ಮರಿ ಮಾಡಲು ಹಿಂದೆ ಮಾಡಿದ್ದ ಥರ್ಮಕೋಲ್ ಪೆಟ್ಟಿಗೆ ಇತ್ತು. 40 ವ್ಯಾಟ್‌ನ ಬಲ್ಬು, ಆನ್‌ಲೈನಿನಲ್ಲಿ ತರಿಸಿದ ತಾಪಮಾನ ನಿಯಂತ್ರಕ, ಕಂಪ್ಯೂಟರಿನಿಂದ ಕಿತ್ತ ಫ್ಯಾನು. ಮೊಟ್ಟೆಗೆ 37.5 ಡಿಗ್ರಿ ಬೇಕು; ನನಗೆ ಬೇಕಿದ್ದದ್ದು 28. ಮನುಷ್ಯನ ಮೈಬಿಸಿಯಲ್ಲಿ ಮಣ್ಣಿನ ಅಪರಿಚಿತ ಜೀವಿಗಳನ್ನು ಸಾಕುವುದು ಮನೆಯಲ್ಲಿ ಮಾಡಬಾರದ ಕೆಲಸ, ನಮ್ಮ ಮೈಯಲ್ಲಿ ಬೆಳೆಯಬಲ್ಲವುಗಳನ್ನೇ ಆರಿಸಿ ಬೆಳೆಸಿದ ಹಾಗಾಗುತ್ತದೆ. ಆದ್ದರಿಂದ 28ನ್ನು ದಾಟಿಸಬಾರದು ಎಂದು ಮೊದಲೇ ಗೆರೆ ಹಾಕಿಕೊಂಡೆ.

ಗೆರೆ ಮೊದಲ ರಾತ್ರಿಯೇ ಅಳಿಸಿತು. ಬೆಳಗ್ಗೆ ನೋಡಿದರೆ 41 ಡಿಗ್ರಿ, ಬಲ್ಬು ಉರಿಯುತ್ತಲೇ ಇದೆ. ನಿಯಂತ್ರಕದ ಹಿಂಬದಿ ಬಿಚ್ಚಿದೆ. ಬಲ್ಬನ್ನು ಹೊತ್ತಿಸಿ ಆರಿಸುವ ಸ್ವಿಚ್ಚಾದ ರಿಲೇಯ ಎರಡು ಸಂಪರ್ಕ ಬಿಂದುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕಾರಣ ನನ್ನದೇ: ಬಿಸಿ ಕರಾರುವಾಕ್ಕಾಗಿರಲಿ ಎಂದು ಬಲ್ಬು ಹೊತ್ತುವ ಮತ್ತು ಆರುವ ಬಿಸಿಯ ನಡುವಿನ ಅಂತರವನ್ನು 0.1 ಡಿಗ್ರಿಗೆ ಇಟ್ಟಿದ್ದೆ, ರಿಲೇ ನಿಮಿಷಕ್ಕೆ ಹತ್ತಾರು ಸಲ ಟಕ್ ಟಕ್ ಎಂದು ಕುಟ್ಟಿಕೊಂಡು ಸತ್ತಿತ್ತು. ಹೊಸ ರಿಲೇ ಬೆಸುಗೆ ಹಾಕಿ ಅಂತರವನ್ನು 1 ಡಿಗ್ರಿ ಮಾಡಿದೆ, 40ರ ಬದಲು 15 ವ್ಯಾಟ್‌ನ ಬಲ್ಬು ಹಾಕಿದೆ. ಇನ್ನೊಂದು ತಪ್ಪು ಸಂವೇದಕದ ಜಾಗ. ಅದು ಬಲ್ಬಿನ ಮಗ್ಗುಲಲ್ಲೇ ನೇತಾಡುತ್ತಿದ್ದರಿಂದ ಅಲ್ಲಿ 28 ತೋರಿಸುವಾಗ ಆಚೆ ಮೂಲೆಯಲ್ಲಿ 23 ಇತ್ತು. ತಟ್ಟೆಗಳು ಕೂರುವ ಮಟ್ಟಕ್ಕೆ ಅದನ್ನು ಸರಿಸಿ, ಬಲ್ಬಿನ ಮೇಲೆ ಒಡೆದ ಮಂಗಳೂರು ಹೆಂಚಿನ ತುಂಡನ್ನು ಅಡ್ಡ ಇಟ್ಟೆ. ಒಂದೊಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು ಒಳಗೆ ತುರುಕಿದ ಮೇಲೆ ಎರಡು ಗಂಟೆ ಕರೆಂಟು ಹೋದರೂ ಒಂದೂವರೆ ಡಿಗ್ರಿಗಿಂತ ಹೆಚ್ಚು ಇಳಿಯಲಿಲ್ಲ. ನಮ್ಮೂರಲ್ಲಿ ಆರಿದ್ರಾ ಮಳೆ ಹಿಡಿದರೆ ಎರಡು ಗಂಟೆ ಎನ್ನುವುದು ಉದಾರ ಲೆಕ್ಕ.

ಗಾಜಿನ ಪೆಟ್ರಿ ತಟ್ಟೆಗಳನ್ನು ಶಿವಮೊಗ್ಗದಿಂದ ತಂದೆ. ಮಿಕ್ಕಿದ್ದೆಲ್ಲ ಊರಿನದೇ. ಇಕ್ಕಳದ ತುದಿಗೆ ಕೆಟ್ಟ ವಿದ್ಯುತ್ ಒಲೆಯ ಸುರುಳಿಯಿಂದ ತೆಗೆದ ನೈಕ್ರೋಮ್ ತಂತಿಯ ಕುಣಿಕೆ. ಗಾಳಿಯಾಡದ ಕೆಲಸದ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಮಗುಚಿ, ಕೈ ಹೋಗುವಷ್ಟು ಎರಡು ತೂತು. ಡಬ್ಬದೊಳಗೆ ಸ್ಪಿರಿಟ್ ಸಿಂಪಡಿಸಿ ಅಲ್ಲೇ ದೀಪ ಹಚ್ಚಬೇಡಿ. ಆವಿಗೆ ಬೆಂಕಿ ಹತ್ತುತ್ತದೆ. ನನ್ನ ದೀಪ ಹೊರಗಿತ್ತು.

ಕ್ರಿಮಿಶುದ್ಧಿಗೆ ಪ್ರೆಶರ್ ಕುಕ್ಕರ್, ಅಂದರೆ ಮನೆಯಲ್ಲಿ ಒಂದು ಜಗಳ. ಪ್ರಯೋಗಾಲಯದಲ್ಲಿ 121 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಮನೆಯ ಕುಕ್ಕರಿನ ಗುಂಡೂ ಸುಮಾರು ಅದೇ ಒತ್ತಡದ್ದು, ಆದರೆ ನಾವು ಸಮುದ್ರದಿಂದ ಆರುನೂರು ಮೀಟರ್ ಮೇಲೆ ಇರುವುದರಿಂದ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಒಳಗಿನ ಬಿಸಿ ಸುಮಾರು ಒಂದು ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಸೀಟಿ ಎಣಿಸಿ ಪ್ರಯೋಜನವಿಲ್ಲ. ಗುಂಡು ಮೇಲೆದ್ದ ಮೇಲೆ ಉರಿ ಸಣ್ಣ ಮಾಡಿ, ಸುಂಯ್ ಎನ್ನುವ ಶಬ್ದ ನಿಲ್ಲದ ಹಾಗೆ ಅರ್ಧ ಗಂಟೆ ಬಿಟ್ಟೆ.

ಆಹಾರದ ಪಾಕ ಹೇಳಬೇಕು, ಏಕೆಂದರೆ ಕಥೆ ಇರುವುದೇ ಅಲ್ಲಿ. ಆಕ್ಟಿನೋಮೈಸೀಟ್‌ಗಳಿಗೆಂದೇ ಇರುವ ಹಳೆಯ ಪಾಕ ಪಿಷ್ಟ ಮತ್ತು ಕೇಸೀನಿನದು. ಲೀಟರ್ ನೀರಿಗೆ ಪಿಷ್ಟ 10 ಗ್ರಾಂ, ಕೇಸೀನ್ 0.3 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್, ಉಪ್ಪು, ಪೊಟ್ಯಾಸಿಯಂ ಫಾಸ್ಫೇಟ್ ಎರಡೆರಡು ಗ್ರಾಂ, ಮೆಗ್ನೀಸಿಯಂ, ಕಬ್ಬಿಣ, ಸುಣ್ಣ ಚಿಟಿಕೆಗಿಂತ ಕಡಿಮೆ, ಗಟ್ಟಿಯಾಗಲು ಅಗಾರ್ 18 ಗ್ರಾಂ. ನೈಟ್ರೇಟ್ ಮತ್ತು ಫಾಸ್ಫೇಟ್ ಹನಿ ನೀರಾವರಿಯ ಗೊಬ್ಬರವಾಗಿ ಅಂಗಡಿಯಲ್ಲಿ ಸಿಗುತ್ತವೆ. ಕೇಸೀನಿಗೆ ಕೊಬ್ಬು ತೆಗೆದ ಹಾಲಿನ ಪುಡಿ ಒಂದು ಗ್ರಾಂ ಸಾಕು. ಅಗಾರ್ ಎಂದರೆ ನಮ್ಮ ಚೈನಾ ಗ್ರಾಸ್. 18 ಗ್ರಾಂ ಹಾಕಿದ್ದು ಮೊಸರಿನಂತೆ ತುಳುಕಾಡಿತು, 22ಕ್ಕೆ ಏರಿಸಿದೆ. ಪಿಎಚ್ ಕಾಗದ ಅಡಿಕೆಗೆ ಹೊಡೆಯುವ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣಕ್ಕೆಂದು ತೋಟದ ಮನೆಯಲ್ಲಿ ಇದ್ದದ್ದೇ.

ಮಣ್ಣು ಮೂರು ಕಡೆಯಿಂದ: ಗೊಬ್ಬರ ಗುಂಡಿಯ ಅಂಚು, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ದರಕಿನಡಿ, ಅಡಿಕೆ ಬುಡ. ಸೊಪ್ಪಿನ ಬೆಟ್ಟಕ್ಕೆ ಮಳೆಗಾಲದಲ್ಲಿ ಹೋಗಿದ್ದು ಒಳ್ಳೆಯದೇ ಆಯಿತು, ಇಂಬಳ ಕಚ್ಚಿದ್ದು ಬಿಟ್ಟರೆ. ಬೇಸಿಗೆಯಾದರೆ ದರಕಿನಲ್ಲಿ ಉಣುಗಿನ ಭಯ. 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ.

ಮೊದಲ ಸುತ್ತಿನ ಒಂಬತ್ತು ತಟ್ಟೆಗಳೂ ಹಾಳಾದವು. ನಾಲ್ಕೇ ದಿನದಲ್ಲಿ ಕಪ್ಪು, ಹಸಿರು ಬೂಷ್ಟು ಮುಚ್ಚಳದವರೆಗೆ ಎದ್ದಿತು. ಅದಿಲ್ಲದ ಕಡೆ ಲೋಳೆ ಬ್ಯಾಕ್ಟೀರಿಯಾ ಹರಡಿತ್ತು. ಮುಚ್ಚಳದಲ್ಲಿ ಕಟ್ಟಿದ ನೀರ ಹನಿ ಕೆಳಗೆ ಬಿದ್ದು ಇದ್ದಬದ್ದದ್ದನ್ನೆಲ್ಲ ಕಲಸಿಬಿಟ್ಟಿತ್ತು. ಮುಚ್ಚಳ ತೆರೆಯದೆಯೇ ಎಲ್ಲವನ್ನೂ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿದೆ. ಆ ಕುಕ್ಕರು ಅಂದಿನಿಂದ ನನ್ನದು. ಅಡುಗೆಗೆ ಹೊಸದು ಬಂತು.

ಪುನರ್ವಸುವಿನಲ್ಲಿ ಎರಡನೇ ಸುತ್ತು. ಈ ಸಲ ಮಣ್ಣನ್ನು ನೇರವಾಗಿ ಬಿತ್ತಲಿಲ್ಲ. ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳು ಒಣಗು ತಡೆಯುತ್ತವೆ, ಲೋಳೆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತಡೆಯುವುದಿಲ್ಲ. ಹೊರಗೆ ಒಣಗುವ ಹವೆಯಿಲ್ಲದ್ದರಿಂದ ಕಾಗದದ ಮೇಲೆ ಹರಡಿದ ಮಣ್ಣನ್ನು ಅದೇ ಪೆಟ್ಟಿಗೆಯಲ್ಲಿ ಒಂದು ವಾರ ಒಣಗಿಸಿದೆ. ಆಮೇಲೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಸೀಮೆಸುಣ್ಣದ ಪುಡಿ ಬೆರೆಸಿ, ಸ್ವಲ್ಪ ತೇವ ಮಾಡಿ ಮತ್ತೆ ಒಂದು ವಾರ ಇಟ್ಟೆ. ಕ್ಯಾಲ್ಸಿಯಂ ಕಾರ್ಬೊನೇಟ್ ನಮ್ಮ ಹುಳಿ ಮಣ್ಣಿನ ಹುಳಿ ಮುರಿಯುತ್ತದೆ. ಬೂಷ್ಟಿಗೆ ಅದು ಒಗ್ಗುವುದಿಲ್ಲ, ನಮ್ಮ ಗಿರಾಕಿಗಳಿಗೆ ಒಗ್ಗುತ್ತದೆ. ನಂತರ ಒಂದು ಪಾಲಿಗೆ ಒಂಬತ್ತು ಪಾಲು ನೀರಿನಂತೆ ನಾಲ್ಕು ಸಲ ತೆಳ್ಳಗೆ ಮಾಡಿ ತಟ್ಟೆಗೆ ಸವರಿದೆ. ತಟ್ಟೆಗಳನ್ನು ಬೋರಲು ಇಟ್ಟೆ. ಅಷ್ಟು ಸಣ್ಣ ಕೆಲಸ ಮೊದಲ ಸಲ ಮರೆತಿದ್ದೆನಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ.

ಮೂರು ದಿನ ಏನೂ ಇಲ್ಲ. ಐದನೇ ದಿನ ಸೂಜಿಮೊನೆಯಷ್ಟು ಚುಕ್ಕೆಗಳು, ಅಗಾರಿಗೆ ಬೇರುಬಿಟ್ಟಂತೆ ಕಚ್ಚಿಕೊಂಡಿದ್ದವು. ಕುಣಿಕೆಯಿಂದ ಕೆರೆದರೆ ಜಾರುವ ಬದಲು ಚೂರಾಗಿ ಕಿತ್ತು ಬಂದವು. ಎಂಟನೇ ದಿನ ಅವುಗಳ ಮೇಲೆ ಸೀಮೆಸುಣ್ಣದ ಹುಡಿ ಕೂತಿತು: ಕೆಲವು ಬಿಳಿ, ಕೆಲವು ಇಲಿಯ ಬಣ್ಣ, ಒಂದೆರಡು ಹಳದಿ. ಡಬ್ಬದೊಳಗೆ ಮುಚ್ಚಳ ಎತ್ತಿದಾಗ ಕೈತೂತಿನಿಂದ ಹೊರಬಂದದ್ದು ಮೇ ತಿಂಗಳಿನ ಅದೇ ವಾಸನೆ. ಹನ್ನೆರಡನ್ನು ಆರಿಸಿ ಬೇರೆ ಬೇರೆ ಮಾಡಿ ನಂಬರು ಹಾಕಿದೆ.

ಇನ್ನು ಅವು ಮದ್ದು ಮಾಡುತ್ತವೆಯೇ ಎಂಬ ಪರೀಕ್ಷೆ. ಎದುರಾಳಿಗಳಾಗಿ ರೋಗ ತರುವ ಯಾವುದನ್ನೂ ಮನೆಗೆ ತರಕೂಡದು. ಬ್ರೆಡ್ಡಿನ ಯೀಸ್ಟ್ ಒಂದು. ರೈತರಿಗೆ ಜೈವಿಕ ಔಷಧಿಯಾಗಿ ಮಾರುವ ಪೊಟ್ಟಣದ ಬ್ಯಾಸಿಲಸ್ ಸಬ್ಟಿಲಿಸ್ ಇನ್ನೊಂದು. ಹನ್ನೆರಡೂ ದಷ್ಟಪುಷ್ಟವಾಗಿ ಬೆಳೆಯಲಿ ಎಂದು ಆಲೂಗಡ್ಡೆ ಬಸಿದ ನೀರಿಗೆ ಗ್ಲೂಕೋಸ್ ಹಾಕಿದ ಅಗಾರಿನಲ್ಲಿ ಎಂಟು ದಿನ ಬೆಳೆಸಿದೆ. ಬೆಳೆದವು ನೋಡಿ, ಹಲಸಿನ ಹಪ್ಪಳದಷ್ಟು ದಪ್ಪ! ಸ್ಟೀಲಿನ ಕೊಳವೆಯಿಂದ ಒಂದೊಂದು ಬಿಲ್ಲೆ ಕತ್ತರಿಸಿ, ಯೀಸ್ಟ್ ಸವರಿದ ತಟ್ಟೆಯಲ್ಲೂ ಬ್ಯಾಸಿಲಸ್ ಸವರಿದ ತಟ್ಟೆಯಲ್ಲೂ ಇಟ್ಟೆ. ಮದ್ದು ಇದ್ದರೆ ಬಿಲ್ಲೆಯ ಸುತ್ತ ಎದುರಾಳಿ ಬೆಳೆಯದ ಒಂದು ಉಂಗುರ ಕಾಣಬೇಕು.

ಹನ್ನೆರಡರಲ್ಲಿ ಒಂದಕ್ಕೂ ಉಂಗುರವಿಲ್ಲ. ಬ್ಯಾಸಿಲಸ್ ಬಿಲ್ಲೆಗಳ ಬುಡದವರೆಗೂ ಬಂದು ಒರಗಿ ಕೂತಿತ್ತು.

ಎರಡು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಆಮೇಲೆ ಹಳೆಯ ನೋಟ್ಸು ಹುಡುಕಿ, ಹೊಸದನ್ನೂ ಓದಿ ನೋಡಿದರೆ ತಪ್ಪು ನನ್ನ ಉಪಚಾರದ್ದೇ. ಸ್ಟ್ರೆಪ್ಟೊಮೈಸಿಸ್ ಉಣ್ಣಲು ಸಿಕ್ಕುವವರೆಗೆ ಮಣ್ಣಿನೊಳಗೆ ನೂಲು ಬಿಡುತ್ತಾ ಹರಡುತ್ತದೆ. ಮದ್ದಿನ ಗೊಡವೆಗೆ ಹೋಗುವುದಿಲ್ಲ. ಗ್ಲೂಕೋಸ್ ಯಥೇಚ್ಛವಾಗಿದ್ದರೆ, ಫಾಸ್ಫೇಟ್ ಹೆಚ್ಚಿದ್ದರೆ ಹಲವು ಪ್ರತಿಜೀವಕಗಳ, ಅಂದರೆ ಈ ಮದ್ದುಗಳ, ವಂಶವಾಹಿಗಳು ಮುಚ್ಚಿಕೊಂಡೇ ಇರುತ್ತವೆ. ಆಹಾರ ಮುಗಿದಾಗ ಅದು ಒಂದು ವಿಚಿತ್ರ ಕೆಲಸ ಮಾಡುತ್ತದೆ. ತನ್ನ ಮೈಯ ಹಳೆಯ ನೂಲುಗಳನ್ನೇ ಕರಗಿಸಿ, ಆ ಸಾರದಿಂದ ಗಾಳಿಗೆ ಹೊಸ ನೂಲು ಎತ್ತಿ, ಅದರ ತುದಿಯಲ್ಲಿ ಬೀಜಕ ಕಟ್ಟುತ್ತದೆ. ನಾನು ಸೀಮೆಸುಣ್ಣ ಎಂದದ್ದು ಈ ಬೀಜಕಗಳನ್ನೇ. ಕರಗುತ್ತಿರುವ ಮೈ ಎಂದರೆ ಬಾಗಿಲು ತೆರೆದಿಟ್ಟ ಕಣಜ. ಸುತ್ತಲಿನ ಕಳ್ಳರೆಲ್ಲ ಬರುತ್ತಾರೆ. ಮದ್ದು ಹೊರಬೀಳುವುದು ಹೆಚ್ಚಾಗಿ ಈ ಹೊತ್ತಿಗೇ. ಕರಗುವ ಕೋಶಭಿತ್ತಿಯಿಂದ ಬಿಡುಗಡೆಯಾಗುವ ಒಂದು ಸಕ್ಕರೆ, ಅಸಿಟೈಲ್ ಗ್ಲೂಕೋಸಮೈನ್, ಬರಗಾಲದಲ್ಲಿ ಮದ್ದಿನ ಬೀಗ ತೆಗೆಯುವ ಸೂಚನೆಯಾಗುತ್ತದೆ. ಸುಭಿಕ್ಷದಲ್ಲಿ ಅದೇ ಸಕ್ಕರೆ ಬೀಗ ಹಾಕುತ್ತದೆ. ಸ್ಟ್ರೆಪ್ಟೊಮೈಸಿನ್ ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್‌ನಲ್ಲಿ ಇನ್ನೂ ಒಂದು ಏರ್ಪಾಡಿದೆ: ಎ-ಫ್ಯಾಕ್ಟರ್ ಎಂಬ ಪುಟ್ಟ ಅಣುವನ್ನು ಎಲ್ಲವೂ ಹೊರಗೆ ಬಿಡುತ್ತಿರುತ್ತವೆ, ಅದರ ಪ್ರಮಾಣ ಒಂದು ಮಟ್ಟ ದಾಟಿದ ಮೇಲೆಯೇ ಬೀಜಕ ಕಟ್ಟುವ ಕೆಲಸವೂ ಮದ್ದಿನ ಕೆಲಸವೂ ಒಟ್ಟಿಗೆ ಶುರು.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್‌ರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಈ ಗ್ರೈಸಿಯಸ್‌ನಿಂದ ಸ್ಟ್ರೆಪ್ಟೊಮೈಸಿನ್ ತೆಗೆದದ್ದು, ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿ ಸಿಕ್ಕಿದ್ದು ಗೊತ್ತೇ ಇದೆ. 1952ರ ನೊಬೆಲ್ ವಾಕ್ಸ್‌ಮನ್‌ರೊಬ್ಬರಿಗೆ ಬಂತು. ಗುಂಡಿ ಬಗೆದವರ ಹೆಸರು ತೋಟದ ಪಹಣಿಯಲ್ಲಿ ಇರುವುದಿಲ್ಲ ಎನ್ನುವುದು ಎಲ್ಲ ದೇಶದಲ್ಲೂ ಒಂದೇ.

ಮೂರನೇ ಸುತ್ತು, ಆಶ್ಲೇಷ ಮಳೆ. ಪಿಷ್ಟವನ್ನು ಅರ್ಧಕ್ಕೆ ಇಳಿಸಿದೆ, ಫಾಸ್ಫೇಟನ್ನು 2 ಗ್ರಾಂನಿಂದ 0.2ಕ್ಕೆ. ಗ್ಲೂಕೋಸ್ ಇಲ್ಲವೇ ಇಲ್ಲ. ಎಂಟರ ಬದಲು ಹನ್ನೆರಡು ದಿನ ಕಾದೆ. ಬೆಳವಣಿಗೆ ನೋಡಿದರೆ ಮರುಕ ಬರಬೇಕು, ಹಾಗಿತ್ತು: ತೆಳ್ಳಗೆ, ಬೇಗ ಬೂದಿ ಬಣ್ಣಕ್ಕೆ ತಿರುಗಿದ ಪದರ. ಬಿಲ್ಲೆ ಕತ್ತರಿಸಿ ಇಟ್ಟೆ. ಜೊತೆಗೆ ಏನೂ ಬೆಳೆಸದ ಬರಿಯ ಅಗಾರಿನ ಬಿಲ್ಲೆಯನ್ನೂ ಇಟ್ಟೆ, ಉಂಗುರ ಪಾಕದ್ದೋ ಜೀವಿಯದೋ ತಿಳಿಯಲು. ಬಿಲ್ಲೆಗಳ ಪಿಎಚ್ ಏಳೂವರೆಯ ಸುತ್ತ ಇತ್ತು, ಹಾಗಾಗಿ ಬರಿ ಕ್ಷಾರದ ಆಟವೂ ಅಲ್ಲ.

ಮರುದಿನ ಬೆಳಗ್ಗೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬ್ಯಾಸಿಲಸ್ ಹಾಲಿನ ಕೆನೆಯಂತೆ ಸಮನಾಗಿ ಹರಡಿತ್ತು. ಏಳನೇ ನಂಬರಿನ ಸುತ್ತ ಮಾತ್ರ ಕಂಪಾಸಿನಲ್ಲಿ ಎಳೆದಂತೆ ಸ್ವಚ್ಛ ವರ್ತುಲ, ಅದರೊಳಗಿಂದ ಆಚೆಯ ಹಲಸಿನ ಮರ ಕಾಣುತ್ತಿತ್ತು. ಸ್ಕೇಲು ಇಟ್ಟರೆ ಬಿಲ್ಲೆಯ ಅಂಚಿನಿಂದ 9 ಮಿಲಿಮೀಟರ್. ಬರಿಯ ಬಿಲ್ಲೆಯ ಸುತ್ತ ಏನೂ ಇಲ್ಲ. ಯೀಸ್ಟ್ ತಟ್ಟೆಯಲ್ಲಿ ಮೂರನೇ ನಂಬರಿಗೆ 6 ಮಿಲಿಮೀಟರ್. ಅದೇ ಮೂರು, ಅದೇ ಏಳು. ಹದಿನೈದು ದಿನದ ಹಿಂದೆ ಗ್ಲೂಕೋಸ್ ತಿಂದು ಸುಮ್ಮನೆ ಕೂತಿದ್ದವು.

ಏಳರ ಮದ್ದು ಏಳನ್ನೇ ಏಕೆ ಕೊಲ್ಲುವುದಿಲ್ಲ ಎಂದು ಪಿಯುಸಿ ಓದುವ ಮಗಳು ಕೇಳಿದಳು. ಮದ್ದು ಮಾಡುವ ವಂಶವಾಹಿಗಳ ಪಕ್ಕದಲ್ಲೇ ಅದರಿಂದ ತಪ್ಪಿಸಿಕೊಳ್ಳುವ ವಂಶವಾಹಿಯೂ ಸಾಮಾನ್ಯವಾಗಿ ಇರುತ್ತದೆ. ಗ್ರೈಸಿಯಸ್ ಸ್ಟ್ರೆಪ್ಟೊಮೈಸಿನ್‌ಗೆ ಒಂದು ಫಾಸ್ಫೇಟ್ ಅಂಟಿಸಿ ಅದರ ಹಲ್ಲು ಕೀಳುತ್ತದೆ. ಎರಿತ್ರೊಮೈಸಿನ್ ಮಾಡುವ ಜೀವಿ ಪ್ರೋಟೀನು ತಯಾರಿಸುವ ತನ್ನ ರೈಬೋಸೋಮಿನ ಮೇಲೆ ಗುರುತು ಹಾಕಿ ಮದ್ದು ಅಲ್ಲಿ ಕೂರದಂತೆ ಮಾಡುತ್ತದೆ. ಆಸ್ಪತ್ರೆಗಳಲ್ಲಿ ಔಷಧಿಗೆ ಬಗ್ಗದ ರೋಗಾಣುಗಳು ಬಳಸುವ ಉಪಾಯಗಳಲ್ಲಿ ಇಂಥವೂ ಇವೆ.

ಹನ್ನೊಂದನೇ ನಂಬರು ಯಾರನ್ನೂ ಕೊಲ್ಲಲಿಲ್ಲ, ಆದರೆ ಅದರಡಿಯ ಅಗಾರ್ ನೀಲಿಯಾಗಿತ್ತು, ಹಳೆಯ ಶಾಯಿ ಚೆಲ್ಲಿದಂತೆ. ಒಂದು ಚೂರಿಗೆ ನಿಂಬೆ ರಸ ಬಿಟ್ಟೆ: ಕೆಂಪು. ಸುಣ್ಣದ ತಿಳಿ ಬಿಟ್ಟೆ: ಮತ್ತೆ ನೀಲಿ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಪ್ರಸಿದ್ಧ ತಳಿ ಮಾಡುವ ಆಕ್ಟಿನೋರೋಡಿನ್ ಎಂಬ ವಸ್ತು ಕೂಡ ಹೀಗೆಯೇ ಬಣ್ಣ ಬದಲಿಸುತ್ತದೆ. ಇಂಗ್ಲೆಂಡಿನ ಡೇವಿಡ್ ಹಾಪ್‌ವುಡ್ ದಶಕಗಳ ಕಾಲ ಆ ತಳಿಯ ಹಿಂದೆ ಬಿದ್ದರು. 2002ರಲ್ಲಿ ಅದರ ಇಡೀ ಜೀನೋಮ್ ಓದಿದಾಗ 7,825 ವಂಶವಾಹಿಗಳು ಕಂಡವು, ಇಂಥ ವಸ್ತುಗಳನ್ನು ಮಾಡುವ ವಂಶವಾಹಿ ಗುಂಪುಗಳೇ ಇಪ್ಪತ್ತಕ್ಕೂ ಹೆಚ್ಚು. ಅಷ್ಟು ವರ್ಷ ಸಾಕಿದವರೂ ಅವುಗಳಲ್ಲಿ ಕೆಲವನ್ನು ಮಾತ್ರ ಕಂಡಿದ್ದರು. ಮಿಕ್ಕವು ಬಾಯಿ ಬಿಟ್ಟಿರಲಿಲ್ಲ.

ಈ ವಸ್ತುಗಳನ್ನು ಕಟ್ಟುವ ರೀತಿಯನ್ನು ಮಗಳಿಗೆ ಹೂವಿನ ದಂಡೆಯಲ್ಲಿ ತೋರಿಸಿದೆ. ಎರಿತ್ರೊಮೈಸಿನ್ ಆರು ಜನ ಸಾಲಾಗಿ ಕೂತು ಕಟ್ಟುವ ದಂಡೆ. ಮೂರು ಕಾರ್ಬನ್ನಿನ ಒಂದು ಚೂರಿನಿಂದ ಶುರು. ಪ್ರತಿಯೊಬ್ಬರೂ ಒಂದೇ ಹೂ ಸೇರಿಸಿ ಗಂಟು ಹಾಕಿ ಮುಂದಿನವರಿಗೆ ದಾಟಿಸುತ್ತಾರೆ. ಎಲೆ ಚಿವುಟಬೇಕೇ ಬಿಡಬೇಕೇ ಎಂಬುದು ಅವರವರ ಜಾಗದ ನಿಯಮ. ಕೊನೆಯಲ್ಲಿ ಒಬ್ಬರು ಎರಡೂ ತುದಿ ಸೇರಿಸಿ ಬಳೆಯಾಗಿ ಕಟ್ಟುತ್ತಾರೆ, ಆಮೇಲೆ ಬೇರೆ ಕಿಣ್ವಗಳು ಎರಡು ಸಕ್ಕರೆಗಳನ್ನು ಕುಚ್ಚಿನಂತೆ ಸಿಕ್ಕಿಸುತ್ತವೆ. ಆ ಆರು ಜನ ಕೂತಿರುವುದು ಮೂರು ದೈತ್ಯ ಪ್ರೋಟೀನುಗಳ ಮೇಲೆ, ಒಂದೊಂದರಲ್ಲಿ ಇಬ್ಬರು. ಒಬ್ಬರ ಜಾಗ ಬದಲಿಸಿದರೆ ಬೇರೆಯೇ ದಂಡೆ. ಆಕ್ಟಿನೋರೋಡಿನ್ ಹಾಗಲ್ಲ, ಅದು ಒಬ್ಬಳೇ ಕೂತು ಒಂದೇ ಬಗೆಯ ಹೂವನ್ನು ಮತ್ತೆ ಮತ್ತೆ ಪೋಣಿಸುವ ದಂಡೆ. ಮಗಳಿಗೆ ಇದು ಪಠ್ಯಕ್ಕಿಂತ ಬೇಗ ತಲೆಗೆ ಹೋಯಿತು. ಆದರೆ ದಂಡೆ ಅರ್ಧಕ್ಕೇ ನಿಂತದ್ದರಿಂದ ಹೂ ಕೊಟ್ಟವರಿಗೆ ಸಿಟ್ಟು ಬಂತು.

ಹೊಸದೇನನ್ನೋ ಕಂಡುಹಿಡಿದೆ ಎಂಬ ಭ್ರಮೆ ನನಗಿಲ್ಲ. ಮಣ್ಣಿನ ಆಕ್ಟಿನೋಮೈಸೀಟ್‌ಗಳಲ್ಲಿ ಸುಮಾರು ನೂರಕ್ಕೊಂದು ಸ್ಟ್ರೆಪ್ಟೊಮೈಸಿನ್ನನ್ನೇ ಮಾಡುತ್ತದೆ ಎಂಬ ಅಂದಾಜಿದೆ; ಕಂಪನಿಗಳು ಹುಡುಕುವುದನ್ನು ಕೈಬಿಟ್ಟದ್ದಕ್ಕೆ ಸಿಕ್ಕಿದ್ದೇ ಸಿಗುವ ಈ ಬೇಸರವೂ ಒಂದು ಕಾರಣ. ಗಾಯಕ್ಕೆ ಹಚ್ಚುವ ಮಾತಂತೂ ಬೇಡ. ಶುದ್ಧ ಸ್ಟ್ರೆಪ್ಟೊಮೈಸಿನ್ನೇ ಕಿವಿ ಕೆಡಿಸಬಲ್ಲದು, ಇನ್ನು ತಟ್ಟೆಯಲ್ಲಿರುವ ಕಷಾಯದ ಪಾಡೇನು.

ಮಘೆ ಮಳೆ ಎರಡು ದಿನ ಬಿಡುವು ಕೊಟ್ಟಾಗ ಪಕ್ಕದ ತೋಟದವರು ಬಂದು ತಟ್ಟೆ ನೋಡಿದರು. ಯೀಸ್ಟ್ ಕೊಂದ ಮೂರನೇ ನಂಬರಿನ ಮೇಲೆ ಅವರ ಕಣ್ಣು. "ಇದನ್ನೇ ಡ್ರಮ್ಮಿನಲ್ಲಿ ಬೆಳೆಸಿ ಅಡಿಕೆಯ ಕೊಳೆರೋಗಕ್ಕೆ ಹೊಡೆದರೆ?" ಕೇಳಬೇಕಾದ ಪ್ರಶ್ನೆಯೇ. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಎಂ. ಜೆ. ತಿರುಮಲಾಚಾರ್ ಅವರ ಬಳಗ ಇಂಥದ್ದೇ ಮಣ್ಣಿನ ಜೀವಿಗಳಿಂದ ಹ್ಯಾಮೈಸಿನ್ ಮತ್ತು ಆರಿಯೋಫಂಗಿನ್ ತೆಗೆದಿತ್ತು, ಎರಡನೆಯದು ಬೆಳೆಗಳ ಶಿಲೀಂಧ್ರ ರೋಗಗಳಿಗೇ ಬಳಕೆಗೆ ಬಂತು. ಇವೆಲ್ಲ ಪಾಲಿಯೀನ್ ಎಂಬ ಜಾತಿಯವು. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿಕೊಂಡು ಕೊಲ್ಲುತ್ತವೆ. ಯೀಸ್ಟ್ ಸಾಯುವ ಸಾಮಾನ್ಯ ದಾರಿಗಳಲ್ಲಿ ಅದೂ ಒಂದು.

ಆದರೆ ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ನೋಡಲು ಬೂಷ್ಟು, ಸಂಬಂಧ ಪಾಚಿಗಳ ಕಡೆಯದು. ಅದರ ಗೋಡೆ ಸೆಲ್ಯುಲೋಸಿನದು, ಪೊರೆಗೆ ಬೇಕಾದ ಎರ್ಗೊಸ್ಟೆರಾಲನ್ನು ಅದು ತಯಾರಿಸುವುದೇ ಇಲ್ಲ. ಪಾಲಿಯೀನಿಗೆ ಹಿಡಿಯಲು ಜುಟ್ಟೇ ಇಲ್ಲ! ಎಷ್ಟರಮಟ್ಟಿಗೆ ಎಂದರೆ, ಕೊಳೆತ ಕಾಯಿಯಿಂದ ಫೈಟಾಫ್ತೊರಾವನ್ನು ಬೇರ್ಪಡಿಸುವಾಗ ಬೇರೆ ಬೂಷ್ಟುಗಳನ್ನು ತಡೆಯಲೆಂದು ಪ್ರಯೋಗಾಲಯದವರು ಆಹಾರಕ್ಕೆ ಪಿಮರಿಸಿನ್ ಎಂಬ ಪಾಲಿಯೀನನ್ನೇ ಬೆರೆಸುತ್ತಾರೆ. ಮೂರನೇ ನಂಬರಿನದೂ ಪಾಲಿಯೀನೇ ಆಗಿದ್ದರೆ, ಅದನ್ನು ಹೊಡೆದು ನಾವು ಕೊಳೆಯ ಎದುರಾಳಿಗಳನ್ನು ಮಾತ್ರ ಕೊಲ್ಲುತ್ತಿದ್ದೆವು.

ಅವರು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿ, "ಹಾಗಾದರೆ ಮೈಲುತುತ್ತವೇ ಗತಿ" ಎಂದರು. ಹೌದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ ಮಲೆನಾಡಿಗೆ ಬೋರ್ಡೋ ಸಿಂಪಡಣೆ ತಂದರು, ಇಂದಿಗೂ ಅದೇ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ.

ಮೂರು, ಏಳು, ಹನ್ನೊಂದನ್ನು ಮುಚ್ಚಿದ ನಳಿಕೆಗಳಲ್ಲಿ ಅಟ್ಟದ ಹಳೆಯ ಫ್ರಿಜ್ಜಿಗೆ ಹಾಕಿ, ಉಳಿದ ತಟ್ಟೆಗಳನ್ನು ನನ್ನ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆ. ಪಿಎಚ್ ಕಾಗದ ಪ್ರಯೋಗಕ್ಕೇ ಮುಗಿದುಹೋಗಿತ್ತು. ಮಧ್ಯಾಹ್ನ ಡ್ರಮ್ಮಿನಲ್ಲಿ ದ್ರಾವಣ ಕಲಸಿದ ಮೇಲೆ, ಅಡಿಕೆ ಮರ ಹತ್ತುವ ಕೊನೆಕಾರರು ಹಳೆಯ ಪದ್ಧತಿಯಂತೆ ಕತ್ತಿಯನ್ನು ಅದ್ದಿ ತೆಗೆದರು. ಅಲಗು ತಾಮ್ರದ ಕೆಂಪಿಗೆ ತಿರುಗಿತು. ಇನ್ನೊಂದು ಬೊಗಸೆ ಸುಣ್ಣ ಹಾಕಿ ಮತ್ತೆ ಕಲಸಿದೆವು.